ಹೆಸರು ಹೇಳದೆ ಹೋದ ಅಣ್ಣನಿಗೆ

ಅಣ್ಣಾ, ಅಡೂರಿನ ಆಚೆ ಕಾಡಂಚಿನ ಹೋಂಸ್ಟೇಯಲ್ಲಿ ಜಡಿಮಳೆಯ ರಾತ್ರಿ ನನ್ನ ತಾಯಿಯನ್ನು ಕಾಪಾಡಿದ ನಿಮಗೆ ಮನಸಾರೆ ಧನ್ಯವಾದ.

ಪೂರ್ವಕ್ಕೆ ಘಟ್ಟದ ಕಾಡು, ಪಶ್ಚಿಮಕ್ಕೆ ಕಾಸರಗೋಡಿನ ಕಡಲು. ಕೊಡಗಿನಿಂದ ಇಳಿದು ಬರುವ ಪಯಸ್ವಿನಿ ಕೆಳಗೆ ತುಂಬಿ ಹರಿಯುತ್ತಿತ್ತು. ಮರ ಬಿದ್ದು ಕರೆಂಟು ಹೋಗಿತ್ತು, ಮೊಬೈಲ್ ಸಿಗ್ನಲ್ ಇರಲಿಲ್ಲ, ಅಮ್ಮನಿಗೆ ಮೈ ಸುಡುವ ಜ್ವರ. ಪಕ್ಕದ ತೋಟದವರಾದ ನೀವು ಕರೆಯದೆಯೇ ಬಂದಿರಿ. ಕುಚ್ಚಲಕ್ಕಿ ಗಂಜಿ ತಂದುಕೊಟ್ಟು, ಟಾರ್ಚ್ ಹಿಡಿದು ಜಾರುವ ಗುಡ್ಡ ಇಳಿದು ಹೋಗಿ ಜೀಪು ಕರೆತಂದಿರಿ.

ಅಮ್ಮ ಚೇತರಿಸಿಕೊಂಡ ಮೇಲೆ ನೀವು ತೋರಿಸಿದ ಸುರಂಗ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದ, ಒಬ್ಬರು ಬಗ್ಗಿ ನಡೆಯುವಷ್ಟೇ ಅಗಲದ ಹಾದಿ. ಒಳಗೋಡೆಯಿಂದ ಒಸರಿದ ನೀರು ಅಡಿಕೆ ಮರದ ದಂಬೆಯಲ್ಲಿ ಹರಿದು, ಪಂಪಿನ ಹಂಗಿಲ್ಲದೆ ತೊಟ್ಟಿಗೆ ಬೀಳುತ್ತದೆ. ಕರೆಂಟಿಲ್ಲದ ಆ ರಾತ್ರಿ ಅಮ್ಮನ ಹಣೆಗೆ ಒದ್ದೆ ಬಟ್ಟೆ ಹಾಕಲು ನೀರು ಸಿಕ್ಕಿದ್ದು ಅದರಿಂದಲೇ. ಇಂಥ ಸುರಂಗಗಳನ್ನು ಮುಚ್ಚಿ ಕೊಳವೆಬಾವಿ ಕೊರೆಸುವುದನ್ನು ಕಂಡರೆ ನಿಮಗೆ ಸಂಕಟವಾಗುತ್ತದೆ ಎಂದಿರಿ. ಈಗ ನನಗೂ ಆಗುತ್ತದೆ.

ಜೀಪಿನ ಬಾಡಿಗೆಗೆಂದು ಕೊಟ್ಟ ಹಣವನ್ನು ನೀವು ಮುಟ್ಟಲಿಲ್ಲ. ಅಮ್ಮ ಗುಣವಾಗಿದ್ದಾರೆ, ದಿನವೂ ನಿಮ್ಮನ್ನು ನೆನೆಯುತ್ತಾರೆ. ಮಳೆಗಾಲ ಕಳೆದ ಮೇಲೆ ಅವರನ್ನು ಕರೆದುಕೊಂಡು ನಿಮ್ಮ ಮನೆಗೇ ಬರುತ್ತೇನೆ.