ಗೋಡೆ ಒಡೆಯುವ ಮುನ್ನ ಅದರ ಮೇಲೇನಿದೆ ನೋಡಿ

ಮಾನ್ಯ ಸಂಪಾದಕರೇ,

ಹಳೆಯ ಮನೆಗಳಿಗೆ ಹೊಸ ರೂಪ ಕೊಡುವ ಬಗ್ಗೆ ನಿಮ್ಮ ಕಳೆದ ಶನಿವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಅಡುಗೆಮನೆಗೂ ಹಜಾರಕ್ಕೂ ನಡುವಿನ ಗೋಡೆ ತೆಗೆದರೆ ಮನೆ ವಿಶಾಲವಾಗಿ ಕಾಣುತ್ತದೆ ಎಂದು ಚಿತ್ರಸಹಿತ ಹೇಳಿದ್ದೀರಿ. ಆ ಗೋಡೆ ಏನನ್ನು ಹೊತ್ತು ನಿಂತಿರಬಹುದು ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಎರಡು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಅಂಥದೇ ಗೋಡೆಯನ್ನು ಒಡೆಸಲು ಹೊರಟವಳು ನಾನು.

ನಮ್ಮದು 1978ರಲ್ಲಿ ಮಾವನವರು ಕಟ್ಟಿಸಿದ ಮನೆ. ಪಿಲ್ಲರ್ ಇಲ್ಲ, 9 ಅಂಗುಲದ ಇಟ್ಟಿಗೆ ಗೋಡೆಗಳ ಮೇಲೆಯೇ ತಾರಸಿ ಕುಳಿತಿದೆ. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಇಂಥ ಮನೆಗಳು ಬೀದಿಬೀದಿಯಲ್ಲಿವೆ. ಈಗಿನ ಮೇಸ್ತ್ರಿಗಳ ಕೈ ಪಳಗಿರುವುದು ಪಿಲ್ಲರ್ ಮನೆಗಳಲ್ಲಿ. ಅಲ್ಲಿ ಭಾರವೆಲ್ಲ ಬೀಮು, ಪಿಲ್ಲರುಗಳ ಮೂಲಕ ಇಳಿಯುತ್ತದೆ, ಗೋಡೆ ಬರೀ ಮರೆ. ನಮ್ಮಲ್ಲಿಗೆ ಬಂದವರೂ ಹಾಗೆಂದೇ ತಿಳಿದು, ‘ಅರ್ಧ ದಿನದ ಕೆಲಸ ಅಮ್ಮ’ ಎಂದರು. ನಾನು ಒಪ್ಪಿದೆ.

ಮಧ್ಯಾಹ್ನದ ಹೊತ್ತಿಗೆ 4 ಅಡಿಯಷ್ಟು ಗೋಡೆ ಹೋಗಿತ್ತು. ಮಹಡಿಯ ಕೋಣೆಯ ಬಾಗಿಲು ಹಾಕಲು ಹೋದರೆ ಚೌಕಟ್ಟಿಗೆ ಸಿಕ್ಕಿಕೊಂಡಿತು. ಚೌಕಟ್ಟಿನ ಮೂಲೆಯಿಂದ ಸೂರಿನತ್ತ ಓರೆಯಾಗಿ ಬಿರುಕು ಬಿಟ್ಟಿತ್ತು. ಪಕ್ಕದ ಬೀದಿಯ ನಿವೃತ್ತ ಇಂಜಿನಿಯರೊಬ್ಬರು ಬಂದು ಎಲ್ಲರನ್ನೂ ಹೊರಗೆ ಕಳಿಸಿದರು. ಸೆಂಟ್ರಿಂಗ್ ಸಾಮಾನಿನ ಅಂಗಡಿಯಿಂದ ಜಾಕಿಗಳನ್ನು ತರಿಸಿ ಗೋಡೆಯ ಎರಡೂ ಬದಿಯಲ್ಲಿ ತಾರಸಿಗೆ ಆಸರೆ ಕೊಡಿಸಿದರು. ಅಂದು ರಾತ್ರಿ ನಾವು ಮಲಗಿದ್ದು ನೆಂಟರ ಮನೆಯಲ್ಲಿ.

ಮರುದಿನ ಅವರು ಲೆಕ್ಕ ತೋರಿಸಿದರು. ಆ 10 ಅಡಿ ಗೋಡೆಯ ನೆತ್ತಿಯ ಮೇಲೆ ಮಹಡಿಯಲ್ಲಿ ಅಷ್ಟೇ ಉದ್ದ, ಅಷ್ಟೇ ಎತ್ತರದ ಇನ್ನೊಂದು ಗೋಡೆಯಿದೆ. ಅದೊಂದೇ ಸುಮಾರು 4 ಟನ್. ಕೆಳಮನೆಯದು, ಮಹಡಿಯದು ಹೀಗೆ ಎರಡು ತಾರಸಿಗಳಿಂದ ಕೆಳಗಿನ ಗೋಡೆಯ ಪಾಲಿಗೆ ಬರುವುದು ತಲಾ 3 ಟನ್. ಒಟ್ಟು 10 ಟನ್ ಹೊತ್ತ ಗೋಡೆಯ ಬುಡಕ್ಕೆ ನಾವು ಸುತ್ತಿಗೆ ಹಾಕಿದ್ದೆವು.

ಗೋಡೆ ತೆಗೆಯಲೇಬಾರದು ಎಂದು ನಾನು ಹೇಳುತ್ತಿಲ್ಲ. ನಮ್ಮಲ್ಲೂ ಕೊನೆಗೆ ತೆಗೆದೆವು. ಮೊದಲು ಆಸರೆ, ಆಮೇಲೆ ಮೇಲ್ಭಾಗದಲ್ಲಿ ಒಂದೊಂದೇ ಬದಿಯಿಂದ ಗಾಡಿ (ಗೋಡೆಯಲ್ಲಿ ಉದ್ದಕ್ಕೆ ತೆಗೆಯುವ ಕಾಲುವೆ) ಕೊರೆದು ಎರಡು ಕಬ್ಬಿಣದ ಬೀಮುಗಳು, ಅವುಗಳ ತುದಿ ಕೂರುವಲ್ಲಿ ಇಟ್ಟಿಗೆ ನುಗ್ಗಾಗದಂತೆ ಕಾಂಕ್ರೀಟಿನ ದಿಂಡು, ಅದು ಗಟ್ಟಿಯಾದ ಮೇಲೆಯೇ ಕೆಳಗಿನ ಇಟ್ಟಿಗೆ ಬಿಚ್ಚಿದ್ದು. ಅರ್ಧ ದಿನದ ಕೆಲಸಕ್ಕೆ ಮೂರು ವಾರ ಹಿಡಿಯಿತು.

ಅಂದಿನಿಂದ ದುರಸ್ತಿ ನಡೆಯುವ ಮನೆ ಕಂಡರೆ ನಿಂತು ನೋಡುವುದು ನನಗೆ ಅಭ್ಯಾಸವಾಗಿದೆ. ಪೈಪು, ವೈರು ಹೂಳಲು ಗೋಡೆಯಲ್ಲಿ ಅಡ್ಡಡ್ಡ ಗಾಡಿ ಕೊರೆಯುತ್ತಾರೆ. ಭಾರ ಹೊತ್ತ ಗೋಡೆಯಲ್ಲಿ ಅಡ್ಡ ಗಾಡಿಯ ಆಳ ಗೋಡೆಯ ದಪ್ಪದ ಆರನೇ ಒಂದು ಭಾಗ ಮೀರಬಾರದು, ಅಂದರೆ 9 ಅಂಗುಲದ ಗೋಡೆಗೆ ಒಂದೂವರೆ ಅಂಗುಲ. ಒಡೆದ ಇಟ್ಟಿಗೆ ಚೂರು, ಹೊಸ ಮರಳು ಎಲ್ಲವನ್ನೂ ಬಾಲ್ಕನಿಯಲ್ಲೇ ರಾಶಿ ಹಾಕುತ್ತಾರೆ. ನನಗೆ ಅತಿ ಹೆಚ್ಚು ಭಯವಾಗುವುದು ಸಜ್ಜಾದ ವಿಷಯದಲ್ಲಿ. ಗೋಡೆಯಿಂದ ಹೊರಚಾಚಿದ ಸಜ್ಜಾವನ್ನು ಹಿಡಿದಿರುವುದು ಅದರ ಒಳತುದಿಯ ಮೇಲೆ ಕುಳಿತ ಗೋಡೆಯ ತೂಕ. ಕಿಟಕಿ ದೊಡ್ಡದು ಮಾಡಲೆಂದು ಆ ಮೇಲಿನ ಗೋಡೆ ಬಿಚ್ಚಿದರೆ ಸಜ್ಜಾ ಮಗುಚಿಕೊಳ್ಳುತ್ತದೆ, ಕೆಳಗೆ ಯಾರಿದ್ದರೂ ಸರಿ.

ಕೆಳಗೆ ಇರುವವರು ಸಾಮಾನ್ಯವಾಗಿ ಕೂಲಿಯವರೇ. ನಮ್ಮ ಮನೆಯ ಗೋಡೆ ಒಡೆಯುತ್ತಿದ್ದ ಹುಡುಗ ರಾಯಚೂರಿನ ಕಡೆಯವನು, ಇಪ್ಪತ್ತು ತುಂಬಿತ್ತೋ ಇಲ್ಲವೋ. ತಲೆಗೆ ಟವೆಲ್ ಸುತ್ತಿದ್ದ, ಕಾಲಿಗೆ ಹವಾಯಿ ಚಪ್ಪಲಿ. ಗೋಡೆಯೊಳಗಿನ ವೈರಿಗೆ ವಿದ್ಯುತ್ ಹರಿಯುತ್ತಲೇ ಇತ್ತು. ಮೇನ್ ಆರಿಸಬೇಕೆಂದು ನನಗೂ ಹೊಳೆದಿರಲಿಲ್ಲ. ಕಟ್ಟಡ ಕಾರ್ಮಿಕರ ಸುರಕ್ಷತೆಯ ಕಾನೂನು ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆಗಷ್ಟೇ ಅನ್ವಯ. ನಮ್ಮಂಥ ಮನೆಗಳಲ್ಲಿ ನಾಲ್ಕೈದು ಜನರಿರುತ್ತಾರೆ. ಅವರ ಜೀವಕ್ಕೆ ಮನೆಯವರೇ ಹೊಣೆ ಎಂದು ನಾನು ನಂಬುತ್ತೇನೆ. ಅಂದು ಅವನ ಮೇಲೆ ಆ ಗೋಡೆ ಬಿದ್ದಿದ್ದರೆ ಅವನ ತಾಯಿಗೆ ನಾನು ಏನು ಹೇಳುತ್ತಿದ್ದೆ?

ಈ ಊರಿಗೆ ಇದು ಹೊಸದಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದದ್ದು ದುರಸ್ತಿ ನಡೆಯುತ್ತಿದ್ದಾಗಲೇ. ಅವು ಊರಿಗೆಲ್ಲ ಗೊತ್ತಿರುವ ಕಟ್ಟಡಗಳು, ಸುದ್ದಿಯಾದವು. ಮನೆಗಳ ಬಿರುಕುಗಳಿಗೆ ಪುಟ್ಟಿ ಹಚ್ಚಿ ಬಣ್ಣ ಬಳಿಯುತ್ತೇವೆ.

ನನ್ನ ಬೇಡಿಕೆ ಎರಡು. ಪಾಲಿಕೆಯ ಪ್ರತಿ ವಲಯ ಕಚೇರಿಯಲ್ಲಿ ವಾರಕ್ಕೊಂದು ದಿನ ಇಂಜಿನಿಯರೊಬ್ಬರು ಇಂಥ ಮನೆಯವರಿಗೆ ಸಿಗುವಂತಾಗಲಿ. ನಕ್ಷೆ ಹಿಡಿದು ಹೋಗಿ ‘ಈ ಗೋಡೆ ತೆಗೆಯಬಹುದೇ’ ಎಂದು ಕೇಳುವಂತಿರಲಿ. ಇನ್ನು ನೀವು ಹಳೆಯ ಮನೆಯ ಹೊಸ ಚಿತ್ರ ಹಾಕುವಾಗ, ತೆಗೆದ ಗೋಡೆಯ ಜಾಗದಲ್ಲಿ ಯಾವ ಬೀಮು ಕೊಟ್ಟರು, ಯಾರನ್ನು ಕೇಳಿ ಕೊಟ್ಟರು ಎಂಬುದನ್ನೂ ಅಡಿಯಲ್ಲಿ ಅಚ್ಚು ಹಾಕಿ. ವಾಸ್ತು ನೋಡಿಸಿ ಬಾಗಿಲು ಬದಲಿಸುವವರು ನಮ್ಮಲ್ಲಿ ಬಹಳ ಮಂದಿ. ಅದು ಅವರವರ ನಂಬಿಕೆ. ಅದೇ ದಿನ ಇಂಜಿನಿಯರೊಬ್ಬರನ್ನೂ ಮನೆಗೆ ಕರೆಸಲಿ. ನಮಗೆ ಅವರ ಸಲಹೆಗೆ ತಗುಲಿದ ಹಣ ಅಡುಗೆಮನೆಯ ಚಿಮಣಿಯ ಬೆಲೆಗಿಂತ ಕಡಿಮೆ.

— ನಿವೃತ್ತ ಶಿಕ್ಷಕಿ, ಸರಸ್ವತಿಪುರಂ, ಮೈಸೂರು