ಹಗುರ ಗಾಳಿಗೆ ದೊಡ್ಡ ಬೋರ್ಡು

ಬಸವನಗುಡಿ, ಬೆಂಗಳೂರು
ಆಷಾಢ, ಶನಿವಾರ

ಚಿ. ಮೇಘನಾಗೆ ಮಾಮನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಒಂದೇ ಊರಲ್ಲಿದ್ದುಕೊಂಡು ಕಾಗದ ಬರೆಯುತ್ತಾನಲ್ಲ ಅಂತ ನಗಬೇಡ. ವೈಟ್‌ಫೀಲ್ಡಿಂದ ಇಲ್ಲಿಗೆ ನೀನು ಬಂದು ಮುಟ್ಟುವಷ್ಟರಲ್ಲಿ ಅಂಚೆಯವನು ಎರಡು ಸಲ ಬಂದು ಹೋಗಿರುತ್ತಾನೆ. ಫೋನಿನಲ್ಲಿ ಹೇಳಿದರೆ ‘ಸರಿ ಮಾಮ, ಸರಿ ಮಾಮ’ ಅನ್ನುತ್ತೀಯ. ಆಮೇಲೆ ನಿನಗೆ ಬೇಕಾದ್ದನ್ನೇ ಮಾಡುತ್ತೀಯ. ಕಾಗದವಾದರೆ ದುಡ್ಡು ಕೊಡುವ ಮುಂಚೆ ಇನ್ನೊಂದು ಸಲ ಓದಬಹುದು, ಅಲ್ವಾ?

ಕೈಟ್‌ಸರ್ಫಿಂಗ್ ಕಲಿಯಬೇಕು, ದೊಡ್ಡ ಗಾಳಿಪಟ ಎಳೆದ ಹಾಗೆ ಬೋರ್ಡಿನ ಮೇಲೆ ನಿಂತು ಕಡಲಲ್ಲಿ ಜಾರಬೇಕು ಅಂತ ನೀನು ಕಳಿಸಿದ ಸಾಮಾನಿನ ಪಟ್ಟಿ ನೋಡಿದೆ. 17 ಚದರ ಮೀಟರಿನ ಕೈಟು, 136 ಸೆಂಟಿಮೀಟರಿನ ಬೋರ್ಡು, ‘ಹೇಗೂ ಆಮೇಲೆ ಬೇಕಾಗುತ್ತೆ’ ಅಂತ ಒಂದು ಹೈಡ್ರೋಫಾಯಿಲ್, ಅಂದರೆ ಬೋರ್ಡನ್ನು ನೀರಿನಿಂದ ಮೇಲಕ್ಕೆತ್ತಲು ಅದರ ಅಡಿಗೆ ಸಿಕ್ಕಿಸುವ ರೆಕ್ಕೆ. ಪಟ್ಟಿ ತಲೆಕೆಳಗಾಗಿದೆ ಪುಟ್ಟಿ. ಗೋವಾದಲ್ಲಿ ಗಾಳಿ ಕಮ್ಮಿ, ಅದಕ್ಕೇ ದೊಡ್ಡ ಕೈಟು ತಗೋ ಅಂತ ಯಾರೋ ಹೇಳಿದ್ದಾರೆ. ಅದು ಅರ್ಧ ನಿಜ. ಹಗುರ ಗಾಳಿಗೆ ಮೊದಲು ದೊಡ್ಡದಾಗಬೇಕಾದ್ದು ಬೋರ್ಡು. ಕೈಟಿನ ಮಾತು ಆಮೇಲೆ.

ಇದನ್ನು ನಾನು ಕಲಿತದ್ದು ದಡದಲ್ಲಿ ಕೂತು. ಆಗ ನನಗೆ 47. ಒಬ್ಬರು ಹಳೆಯ 9 ಮೀಟರ್ ಕೈಟೊಂದನ್ನು ಅಗ್ಗಕ್ಕೆ ಮಾರುತ್ತಿದ್ದರು. ‘ಸಾರ್, ಇದು ಎಲ್ಲಾ ಗಾಳಿಗೂ ಆಗುತ್ತೆ’ ಅಂದರು. ನಂಬಿದೆ. ಅದನ್ನು ಕಾರಿನಲ್ಲಿ ಹಾಕಿಕೊಂಡು ರಾಮೇಶ್ವರಕ್ಕೆ ಹೋದೆ. ಮೂರು ದಿನವೂ 12 ನಾಟ್ ಗಾಳಿ (ನಾಟ್ ಅಂದರೆ ಕಡಲಿನವರು ಗಾಳಿಯ ವೇಗ ಹೇಳುವ ಅಳತೆ). ಉಳಿದವರು ನೀರಿನ ಮೇಲೆ ಸುಯ್ಯನೆ ಹೋಗುತ್ತಿದ್ದರು. ನಾನು ಎದೆಮಟ್ಟದ ನೀರಲ್ಲಿ ಬೋರ್ಡಿಗೆ ಕಾಲು ಸಿಕ್ಕಿಸಿಕೊಂಡು, ಹಿಟ್ಟಿನ ಗಿರಣಿಯ ಮುಂದೆ ಸರದಿ ಕಾಯುವವನ ಹಾಗೆ ಕೂತಿದ್ದೆ. ಕೈಟು ನನ್ನನ್ನು ಅರ್ಧ ಎಬ್ಬಿಸುತ್ತಿತ್ತು. ಮತ್ತೆ ಕೂರಿಸುತ್ತಿತ್ತು.

ಮನೆಗೆ ಬಂದ ಮೇಲೆ ಲೆಕ್ಕ ಹಾಕಿದೆ. ಸುಲಭದ ಲೆಕ್ಕ, ನೀನೂ ಹಾಕಿಕೋ. ನಿನ್ನ ತೂಕವನ್ನು ಕಿಲೋದಲ್ಲಿ ಇಟ್ಟುಕೊಂಡು 2.2ರಿಂದ ಗುಣಿಸು. ಗಾಳಿ ಎಷ್ಟು ನಾಟ್ ಇದೆಯೋ ಅದರಿಂದ ಭಾಗಿಸು. ಬಂದದ್ದು ಕೈಟಿನ ಚದರ ಮೀಟರು. ಇದು ಕಣ್ಣಂದಾಜಿನ ಸೂತ್ರ ಅಷ್ಟೆ, ಆದರೆ ಮೋಸ ಹೋಗದಿರುವುದಕ್ಕೆ ಸಾಕು. ನನ್ನ ತೂಕ 82. ಆ 9 ಮೀಟರಿಗೆ 20 ನಾಟ್ ಬೇಕಿತ್ತು. ಗಾಳಿಯ ಎಳೆತ ವೇಗದ ವರ್ಗದಂತೆ ಏರುತ್ತದೆ, ಇಳಿಯುತ್ತದೆ. 12 ನಾಟ್‌ನಲ್ಲಿ ನನಗೆ ಸಿಗುತ್ತಿದ್ದದ್ದು ಬೇಕಾದ ಬಲದ ಮೂರನೇ ಒಂದು ಭಾಗಕ್ಕಿಂತ ತುಸು ಜಾಸ್ತಿ. ಕೂತಲ್ಲೇ ಕೂತದ್ದರಲ್ಲಿ ಆಶ್ಚರ್ಯವೇನಿಲ್ಲ.

ಈಗ ನಿನ್ನದು. ನೀನು 58 ಕಿಲೋ ಅಂತ ನಿಮ್ಮಮ್ಮ ಹೇಳಿದಳು, ಕೋಪ ಮಾಡಿಕೊಳ್ಳಬೇಡ. 12 ನಾಟ್‌ಗೆ ನಿನಗೆ ಹತ್ತೂವರೆ ಮೀಟರು ಸಾಕು. 10 ನಾಟ್‌ಗೆ 13ರ ಹತ್ತಿರ. ಅಂದರೆ ಒಂದು 12 ಮೀಟರ್ ಕೈಟೇ ನಿನ್ನ ಪಾಲಿಗೆ ಹಗುರ ಗಾಳಿಯ ಕೈಟು. 17 ಮೀಟರು ಅಂದರೆ ಏಳೂವರೆ ನಾಟ್‌ನ ಲೆಕ್ಕ. ಅಷ್ಟು ಕಮ್ಮಿ ಗಾಳಿಯಲ್ಲಿ ಕೈಟು ಒಮ್ಮೆ ನೀರಿಗೆ ಬಿದ್ದರೆ ಮತ್ತೆ ಏಳುವುದೇ ಕಷ್ಟ. ಕಲಿಯುವವರ ಕೈಟು ಬೀಳುವುದಂತೂ ಗ್ಯಾರಂಟಿ. ಅದೇ ಗಾಳಿ ಇದ್ದಕ್ಕಿದ್ದಂತೆ 15ಕ್ಕೆ ಏರಿತು ಅಂದುಕೋ. ಎಳೆತ ನಾಲ್ಕು ಪಟ್ಟು. ಆಗ ನೀನು ಕೈಟು ಆಡಿಸುವುದಿಲ್ಲ, ಕೈಟು ನಿನ್ನನ್ನು ಆಡಿಸುತ್ತದೆ.

ಒಂದು ಎಚ್ಚರ. ನಿನ್ನ ಮೊಬೈಲು ಗಾಳಿಯನ್ನು ಕಿಲೋಮೀಟರಿನಲ್ಲಿ ತೋರಿಸುತ್ತದೆ. 12 ನಾಟ್ ಅಂದರೆ ಗಂಟೆಗೆ ಸುಮಾರು 22 ಕಿ.ಮೀ. ‘ಗೋವಾದಲ್ಲಿ 15 ಇದೆ ಮಾಮ’ ಅಂತ ಮೊನ್ನೆ ಕುಣಿದೆಯಲ್ಲ, ಅದು 8 ನಾಟ್.

ಬೋರ್ಡಿನ ವಿಷಯಕ್ಕೆ ಬರುತ್ತೇನೆ. ನಿನ್ನ ತೂಕಕ್ಕೆ 136 ಸರಿ ಅಂತ ಅಳತೆಯ ಪಟ್ಟಿ ಹೇಳುತ್ತದೆ, ಸುಳ್ಳಲ್ಲ. ಆದರೆ ಅದು ಒಳ್ಳೆಯ ಗಾಳಿಗೆ. ಹಗುರ ಗಾಳಿಗೆ 145ರಿಂದ 148 ಉದ್ದ, 44 ಸೆಂಟಿಮೀಟರಿನಷ್ಟು ಅಗಲ ನೋಡು. ಉದ್ದಕ್ಕಿಂತ ಅಗಲವೇ ಮುಖ್ಯ. ಬೋರ್ಡನ್ನು ನೆಲದ ಮೇಲೆ ಇಟ್ಟು ಪಕ್ಕದಿಂದ ಕಣ್ಣಾಡಿಸು. ತುದಿಗಳು ಬಾಳೆಹಣ್ಣಿನ ಹಾಗೆ ಮೇಲಕ್ಕೆ ಬಾಗಿದ್ದರೆ ಅಲೆಗೆ, ಜಿಗಿತಕ್ಕೆ ಚೆನ್ನ. ನಿನಗೆ ಬೇಕಾದ್ದು ದೋಸೆ ಕಲ್ಲಿನ ಹಾಗೆ ಸಪಾಟಾದದ್ದು. ಅಂಥದ್ದು ಕಡಿಮೆ ವೇಗದಲ್ಲೇ ನೀರಿನ ಮೇಲಕ್ಕೆ ಎದ್ದು ಜಾರತೊಡಗುತ್ತದೆ. ಎದ್ದ ಮೇಲೆ ನಿನ್ನ ಓಟದಿಂದಲೇ ಕೈಟಿಗೆ ಇನ್ನಷ್ಟು ಗಾಳಿ ಸಿಗುತ್ತದೆ. ಏಳುವ ಆ ಎರಡು ಕ್ಷಣವೇ ಕಷ್ಟ, ಅದನ್ನು ಅಗಲದ ಬೋರ್ಡು ದಾಟಿಸುತ್ತದೆ. ಅದರ ಬೆಲೆಯೂ ಇನ್ನೊಂದು ಕೈಟಿನ ಬೆಲೆಗಿಂತ ಎಷ್ಟೋ ಕಮ್ಮಿ. ಮುಂದೆ ಮಾರುವುದಕ್ಕೆ ಹೋಗಬೇಡ. ನನ್ನದು ಇನ್ನೂ ಇದೆ.

ಕೈಟಿನಲ್ಲಿ ಮೀಟರಿನಷ್ಟೇ ತೂಕವನ್ನೂ ನೋಡು. ಇದೇ ಆಷಾಢದಲ್ಲಿ ನಾವು ಚಿಕ್ಕವರಿದ್ದಾಗ ನ್ಯೂಸ್‌ಪೇಪರಿನಲ್ಲಿ ಗಾಳಿಪಟ ಮಾಡುತ್ತಿದ್ದೆವು. ಪೊರಕೆಕಡ್ಡಿ ಹಾಕಿದ ಪಟ ಚೂರು ಗಾಳಿಗೂ ಏರುತ್ತಿತ್ತು. ನಿಮ್ಮಮ್ಮ ಗಟ್ಟಿ ಇರಲಿ ಅಂತ ದಪ್ಪ ಬಿದಿರು ಕಟ್ಟುತ್ತಿದ್ದಳು. ಜೋರು ಗಾಳಿ ಬಂದ ದಿನ ಮಾತ್ರ ಅವಳ ಪಟ ಹಾರುತ್ತಿತ್ತು. ಇಲ್ಲೂ ಅದೇ. ಗಾಳಿ ತುಂಬುವ ಕೈಟಿಗೆ ಮುಂದೆ ಒಂದು ದಪ್ಪ ಕೊಳವೆ ಇರುತ್ತದೆ, ಅದಕ್ಕೆ ಅಡ್ಡವಾಗಿ ಸ್ಟ್ರಟ್ಟುಗಳು. ಐದು ಸ್ಟ್ರಟ್ಟಿನದು ನಿನಗೆ ಭಾರ. ಒಂದು ಅಥವಾ ಮೂರು ಇರುವುದು ತಗೋ.

ನೀನು ವಿಡಿಯೋ ಕಳಿಸಿದೆಯಲ್ಲ, 2024ರ ಒಲಿಂಪಿಕ್ಸಿನದು, ಅವರ ಕೈಟಿಗೆ ಈ ಕೊಳವೆಗಳೇ ಇಲ್ಲ. ಅದು ಫಾಯಿಲ್ ಕೈಟು. ಪ್ಯಾರಾಚೂಟಿನ ಹಾಗೆ ಬರೀ ಬಟ್ಟೆ, ಹಗುರ ಗಾಳಿಗೆ ಅದರಂಥದ್ದಿಲ್ಲ, ಒಪ್ಪಿದೆ. ಆದರೆ ನೀರಿಗೆ ಬಿದ್ದು ಒಳಗೆ ನೀರು ಸೇರಿಕೊಂಡರೆ ನೆನೆದ ಕಂಬಳಿ. 1984ರಲ್ಲಿ ಫ್ರಾನ್ಸಿನ ಲೆಗೇನ್ಯೂ ಅಣ್ಣತಮ್ಮಂದಿರು ಊದುವ ಕೈಟಿಗೆ ಪೇಟೆಂಟ್ ಹಾಕಿದ್ದೇ ನೀರಿಗೆ ಬಿದ್ದದ್ದು ಮತ್ತೆ ಏಳಬೇಕು ಅಂತ. ಇನ್ನು ಹೈಡ್ರೋಫಾಯಿಲ್ಲಿಗೆ ಆಳದ ನೀರು ಬೇಕು. ಕಲಿಯುವವರಿಗೆ ಬೇಕಾದ್ದು ಕಾಲು ಊರುವ ನೀರು. ಅದರ ರೆಕ್ಕೆ ಮೊಣಕಾಲಿಗೆ ತಾಗಿದರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ. ಅಂದಹಾಗೆ, ಆ ಒಲಿಂಪಿಕ್ಸಿನಲ್ಲಿ ಮಾರ್ಸೇ ಊರಿನ ಕಡಲಲ್ಲಿ ಗಾಳಿ ಸಾಲದೆ ಅವರ ರೇಸುಗಳೇ ಮುಂದಕ್ಕೆ ಹೋದವು. ಅಷ್ಟೆಲ್ಲ ಸಾಮಾನು ಇಟ್ಟುಕೊಂಡವರೂ ದಡದಲ್ಲಿ ಕೂತು ಕಾದರು.

ಕೈಟು ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಹೊಸದಕ್ಕೆ ಸುಮ್ನೆ ಸಾಲ ಮಾಡಬೇಡ. ಆದರೆ ಊದಿ ನೋಡದೆ ದುಡ್ಡು ಕೊಡಬೇಡ. ಮಹಡಿಯ ಮೇಲೆ ಊದಲು ಹೋಗಬೇಡ. ಈಗಿನ ಗಾಳಿಗೆ ಹಾರಿ ಹೋಗಿ ಕರೆಂಟು ತಂತಿಗೆ ಸಿಕ್ಕೀತು. ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗ್ ಇದಕ್ಕೆ ಹೇಳಿ ಮಾಡಿಸಿದ ಜಾಗ. ನಾನು ಗೆಳೆಯನ ಬೇಸ್‌ಮೆಂಟಿನಲ್ಲಿ ಊದಿದ್ದೆ. ಸೆಕ್ಯೂರಿಟಿಯವನು ಮದುವೆಯ ಶಾಮಿಯಾನ ಅಂದುಕೊಂಡಿದ್ದ.

ಮೊದಲು ಬಟ್ಟೆಯನ್ನು ಬೆರಳಲ್ಲಿ ಹಿಡಿದು ಉಜ್ಜು. ಗಂಜಿ ಹಾಕಿದ ಕಾಟನ್ ಸೀರೆಯ ಹಾಗೆ ಚರಚರ ಅನ್ನಬೇಕು. ಹಳೆಯ ಪಂಚೆಯ ಹಾಗೆ ಮೆತ್ತಗಿದ್ದರೆ ಬಿಸಿಲು ತಿಂದಿದೆ ಅಂತ ಅರ್ಥ, ಬಿಡು. ಆಮೇಲೆ ಗಟ್ಟಿಯಾಗಿ ಊದಿ, ಸೋಪಿನ ನೊರೆಯನ್ನು ಪ್ರತಿ ವಾಲ್ವಿನ ಸುತ್ತ ಹಚ್ಚು. ಗುಳ್ಳೆ ಎದ್ದರೆ ಅಲ್ಲಿ ಅಂಟು ಬಿಟ್ಟಿದೆ. ನಮ್ಮ ಕಡೆಯ ಕೈಟುಗಳಿಗೆ ಇದೇ ಕಾಯಿಲೆ, ಕಾರಿನ ಡಿಕ್ಕಿಯ ಶಾಖಕ್ಕೆ ಅಂಟು ಕರಗುತ್ತದೆ. ನನ್ನ 9 ಮೀಟರಿನದು ರಾಮೇಶ್ವರದ ದಾರಿಯಲ್ಲೇ ಬಿಟ್ಟಿತ್ತು. ರಾತ್ರಿಯಿಡೀ ಹಾಗೇ ಬಿಟ್ಟು ಬೆಳಿಗ್ಗೆ ಒತ್ತಿ ನೋಡು. ತಂಪಿಗೆ ಕೊಂಚ ಮೆತ್ತಗಾಗುವುದು ಸಹಜ. ಮಡಚಿಕೊಂಡು ಬಿದ್ದಿದ್ದರೆ ಮಾರುವವರಿಗೆ ನಮಸ್ಕಾರ ಹೇಳು.

ದಾರಗಳನ್ನೂ ನೋಡು. ನಾಲ್ಕನ್ನೂ ಒಂದೇ ಗೇಟಿಗೆ ಸಿಕ್ಕಿಸಿ, ಪೂರ್ತಿ ಬಿಚ್ಚಿ, ಬಾರನ್ನು, ಅಂದರೆ ಕೈಟು ಆಡಿಸಲು ಕೈಯಲ್ಲಿ ಹಿಡಿಯುವ ಕೋಲನ್ನು, ಎದೆಗೆ ಎಳೆದುಕೋ. ಬಾರು ಓರೆಯಾದರೆ ಒಂದು ದಾರ ಎಳೆದು ಉದ್ದವಾಗಿದೆ. ಗಾಳಿಪಟದ ಸೂತ್ರ ತಪ್ಪಿದರೆ ಪಟ ಲಾಗ ಹೊಡೆಯುತ್ತಿರಲಿಲ್ಲವೇ, ಹಾಗೇ ಇದೂ. ಇಪ್ಪತ್ತನಾಲ್ಕು ಮೀಟರಿನ ದಾರ ಸಿಕ್ಕರೆ ಒಳ್ಳೆಯದು. ಉದ್ದ ದಾರದಲ್ಲಿ ಕೈಟು ದೂರ ದೂರ ಬೀಸುತ್ತದೆ, ಬೀಸಿದಷ್ಟೂ ಎಳೆತ. ಹಗುರ ಗಾಳಿಯಲ್ಲಿ ಅದನ್ನು ಒಂದೇ ಕಡೆ ನಿಲ್ಲಿಸಬಾರದು. ಎಳೆತ ಸಾಲದು ಅನ್ನಿಸಿದಾಗ ಎಲ್ಲರೂ ಬಾರನ್ನು ಎದೆಗೆ ಒತ್ತಿ ಹಿಡಿಯುತ್ತಾರೆ. ನೀನು ತುಸು ಸಡಿಲ ಬಿಡು. ಒತ್ತಿ ಹಿಡಿದರೆ ಕೈಟು ಉಸಿರು ಕಟ್ಟಿದ ಹಾಗಾಗಿ ಹಿಂದಕ್ಕೆ ಬೀಳುತ್ತದೆ.

ಹೆಲ್ಮೆಟ್ಟು, ಇಂಪ್ಯಾಕ್ಟ್ ವೆಸ್ಟು, ಕೈಟನ್ನು ಕಳಚುವ ಕ್ವಿಕ್ ರಿಲೀಸ್, ಇವುಗಳಲ್ಲಿ ಹಳೆಯದು ಬೇಡ, ಚೌಕಾಸಿಯೂ ಬೇಡ. ಹಾರ್ನೆಸ್ಸನ್ನು, ಅಂದರೆ ಕೈಟಿನ ಎಳೆತವನ್ನು ಮೈಗೆ ತಗೊಳ್ಳುವ ಪಟ್ಟಿಯನ್ನು, ಹಾಕಿಕೊಂಡು ನೋಡಿಯೇ ಕೊಳ್ಳು. ಸೊಂಟದ್ದು ಎದೆಗೆ ಏರಿ ಬಂದರೆ ಕೂರುವ ತರಹದ್ದು ತಗೋ. ಚೆನ್ನಾಗಿ ಕಾಣುವುದಿಲ್ಲ ಅಂತೀಯ, ಗೊತ್ತು.

ಗಾಳಿ ಬಂದಾಗ ತೂರಿಕೋ ಅಂತಾರೆ. ಗೋವಾದಲ್ಲಿ ಅದು ಬರುವುದು ಮಧ್ಯಾಹ್ನದ ಮೇಲೆ, ನೆಲ ಕಾದಾಗ, ಕಡಲಿನಿಂದ ದಡಕ್ಕೆ. ಬೆಳಿಗ್ಗೆ ಬೀಸುವುದು ನೆಲದಿಂದ ಕಡಲಿಗೆ. ಎಷ್ಟೇ ಆಸೆಯಾದರೂ ಆ ಗಾಳಿಯಲ್ಲಿ ಇಳಿಯಬೇಡ. ಬೋರ್ಡು ತಪ್ಪಿದರೆ ದಡಕ್ಕೆ ತಳ್ಳುವವರಿಲ್ಲ. ಈ ಒಂದು ಮಾತಿನಲ್ಲಿ ‘ಸರಿ ಮಾಮ’ ಅಂದು ತಪ್ಪಿಸಿಕೊಳ್ಳುವ ಹಾಗಿಲ್ಲ.

ಇಲ್ಲಿಯ ಕೆರೆಗಳ ಯೋಚನೆ ಬಿಟ್ಟುಬಿಡು. ಸುತ್ತ ಮರ, ಕಟ್ಟಡ, ತಂತಿ. ಗಾಳಿ ನೇರವಾಗಿ ಬರುವುದೇ ಇಲ್ಲ. ನನ್ನ ಹತ್ತಿರ ಎರಡು ಮೀಟರಿನ ಪುಟ್ಟ ಟ್ರೈನರ್ ಕೈಟಿದೆ. ಕೋರ್ಸಿಗೆ ಹೋಗುವ ಮುಂಚೆ ಕನಕಪುರ ರಸ್ತೆಯ ಕಡೆ ಬಯಲಲ್ಲಿ ನಾಲ್ಕು ಭಾನುವಾರ ಅದನ್ನು ಆಡಿಸು. ನಮ್ಮೂರು ಸಮುದ್ರಕ್ಕಿಂತ 900 ಮೀಟರ್ ಮೇಲಿದೆ, ಗಾಳಿ ತೆಳು. ಇಲ್ಲಿ ಎಳೆದದ್ದಕ್ಕಿಂತ ಕಡಲಲ್ಲಿ ಚೂರು ಜಾಸ್ತಿಯೇ ಎಳೆಯುತ್ತದೆ, ನೆನಪಿರಲಿ.

ಪಂಪು ಕೊಳ್ಳಬೇಡ, ನನ್ನದಿದೆ. ಮುಂದಿನ ಭಾನುವಾರ ಮೆಟ್ರೋದಲ್ಲಿ ಬಾ, ಕಾರು ತರಬೇಡ. ಅತ್ತೆ ಅವರೆಕಾಳು ಇಲ್ಲದ ಕಾಲದಲ್ಲೂ ಹಿತಕವರೆ ಎಲ್ಲಿಂದಲೋ ತರಿಸಿದ್ದಾಳೆ. ಹೋಗುವಾಗ ಟ್ರೈನರ್ ಕೈಟು, ಪಂಪು ಎರಡನ್ನೂ ತಗೊಂಡು ಹೋಗು. ಪಂಪಿನ ನಳಿಕೆಗೆ ಟೇಪು ಸುತ್ತಿದ್ದೇನೆ, ಬಿಚ್ಚಬೇಡ.

ಇಂತಿ,
ನಿನ್ನ ಮಾಮ