ಲೈಫ್‌ಬೋಟ್ ‘ಸುರಕ್ಷಿತ ಸ್ಥಳ’ವಲ್ಲ

ಮಾನ್ಯರೇ,

ಯುದ್ಧಕಾಲದಲ್ಲಿ ತಟಸ್ಥ ದೇಶದ ಸರಕು ಹಡಗನ್ನು ಜಲಾಂತರ್ಗಾಮಿ ಮುಟ್ಟುವಂತೆಯೇ ಇಲ್ಲ ಎಂದು ಅನೇಕರು ತಿಳಿದಿದ್ದಾರೆ. ನಿಯಮ ಹಾಗಿಲ್ಲ. ಹಡಗನ್ನು ತಡೆಯಬಹುದು, ಹತ್ತಿ ಕಾಗದಪತ್ರ ನೋಡಬಹುದು, ಶತ್ರುವಿಗೆ ಹೊರಟ ಯುದ್ಧಸಾಮಗ್ರಿ ಸಿಕ್ಕರೆ ವಶಪಡಿಸಿಕೊಳ್ಳಬಹುದು. ಮುಳುಗಿಸುವ ಮಾತು ಬಂದಾಗ ಮಾತ್ರ ಜಲಾಂತರ್ಗಾಮಿ ಯುದ್ಧದ ನಿಯಮ ಹೇಳುವ ಅಂತರರಾಷ್ಟ್ರೀಯ ಒಪ್ಪಂದ, 1936ರ ಲಂಡನ್ ಪ್ರೋಟೊಕಾಲ್, ಅಡ್ಡ ಬರುತ್ತದೆ: ಮೊದಲು ಪ್ರಯಾಣಿಕರು, ಸಿಬ್ಬಂದಿ, ಹಡಗಿನ ದಾಖಲೆ ಮೂರನ್ನೂ ಸುರಕ್ಷಿತ ಸ್ಥಳಕ್ಕೆ ಸೇರಿಸಬೇಕು. ನಿಲ್ಲೆಂದರೂ ನಿಲ್ಲದ, ತಪಾಸಣೆಗೆ ಎದುರುಬೀಳುವ ಹಡಗಿಗೆ ಈ ರಕ್ಷಣೆ ಇಲ್ಲ.

ದಡ ಹತ್ತಿರವಿದ್ದು ಅಥವಾ ಜನರನ್ನು ಎತ್ತಿಕೊಳ್ಳಬಲ್ಲ ಇನ್ನೊಂದು ಹಡಗು ಪಕ್ಕದಲ್ಲಿದ್ದು, ಆ ಹೊತ್ತಿನ ಅಲೆ, ಹವೆಯಲ್ಲಿ ಜೀವಕ್ಕೆ ಅಪಾಯವಿಲ್ಲ ಎಂದಾದರಷ್ಟೇ ಲೈಫ್‌ಬೋಟನ್ನು ಸುರಕ್ಷಿತ ಎನ್ನಬಹುದು. 1941ರ ಮೇ 21ರಂದು ಜರ್ಮನಿಯ ಜಲಾಂತರ್ಗಾಮಿ ಯು-69 ಅಮೆರಿಕದ ‘ರಾಬಿನ್ ಮೂರ್’ ಹಡಗನ್ನು ಆಫ್ರಿಕಾದ ದಡದಿಂದ ನೂರಾರು ಮೈಲಿ ಆಚೆ ತಡೆಯಿತು. ಅಮೆರಿಕ ಆಗಿನ್ನೂ ಯುದ್ಧಕ್ಕಿಳಿದಿರಲಿಲ್ಲ. ಹಡಗಿನಲ್ಲಿದ್ದ 46 ಮಂದಿಯನ್ನು ನಾಲ್ಕು ದೋಣಿಗಳಿಗೆ ಇಳಿಸಿ, ಒಂದಿಷ್ಟು ಬ್ರೆಡ್ಡು, ಬೆಣ್ಣೆ ಡಬ್ಬಿ ಕೊಟ್ಟು, ಹಡಗನ್ನು ಮುಳುಗಿಸಿ ಹೋಯಿತು. ಕೊನೆಯ ದೋಣಿ ಸಿಕ್ಕಿದ್ದು ಎರಡು ವಾರ ಕಳೆದ ಮೇಲೆ. ಎಲ್ಲರೂ ಬದುಕಿದ್ದು ಅದೃಷ್ಟ, ನಿಯಮವಂತೂ ಮುರಿದಿತ್ತು.

ಜಲಾಂತರ್ಗಾಮಿಗೆ ಈ ನಿಯಮ ಏಕೆ ಕಷ್ಟ? 1914ರಲ್ಲಿ ಮದರಾಸಿಗೆ ಗುಂಡು ಹಾರಿಸಿದ ಜರ್ಮನಿಯ ಎಂಡೆನ್, ಬಂಗಾಳ ಕೊಲ್ಲಿಯಲ್ಲಿ ಹಿಡಿದ ಹಡಗುಗಳ ಜನರನ್ನು ‘ಕಬಿಂಗಾ’ ಎಂಬ ಹಡಗಿಗೆ ಹತ್ತಿಸಿ ಕಳಿಸಿತ್ತು. ಎಂಡೆನ್ ಕ್ರೂಸರ್ ಬಗೆಯ ಯುದ್ಧನೌಕೆ, ಆಳು-ಜಾಗ ಎರಡೂ ಇತ್ತು. ಜಲಾಂತರ್ಗಾಮಿಯಲ್ಲಿ ಇರುವುದೇ ನಲವತ್ತೈವತ್ತು ಮಂದಿ, ಮಲಗಲು ಅವರಿಗೇ ಜಾಗವಿಲ್ಲ. ವಶಪಡಿಸಿಕೊಂಡ ಹಡಗನ್ನು ಬಂದರಿಗೆ ಒಯ್ಯಲು ಕಳಿಸುವವರು ಯಾರು? ತಪಾಸಣೆಗೆಂದು ಮೇಲೆ ಬಂದಾಗ ನೀರಿನ ಒತ್ತಡ ತಡೆಯುವ ಕವಚಕ್ಕೆ ಒಂದೇ ಒಂದು ಗುಂಡು ತೂತು ಮಾಡಿದರೂ ಮತ್ತೆ ಮುಳುಗುವಂತಿಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ತನ್ನ ಸರಕು ಹಡಗುಗಳಿಗೆ ತೋಪು ಕೂರಿಸಿ, ಜಲಾಂತರ್ಗಾಮಿ ಕಂಡ ಜಾಗವನ್ನು ರೇಡಿಯೊದಲ್ಲಿ ತಿಳಿಸಲು ಹೇಳಿದ ಮೇಲಂತೂ ಈ ಭಯ ಬರೀ ನೆಪವಾಗಿ ಉಳಿಯಲಿಲ್ಲ.

ಯುದ್ಧದ ನಂತರ ನಾಜಿ ನಾಯಕರನ್ನು ವಿಚಾರಿಸಿದ ನ್ಯೂರೆಂಬರ್ಗ್ ನ್ಯಾಯಮಂಡಳಿ ಈ ಭೇದ ಗುರುತಿಸಿತು. ಶಸ್ತ್ರಸಜ್ಜಿತ ಬ್ರಿಟಿಷ್ ಸರಕು ಹಡಗುಗಳ ಮೇಲಿನ ದಾಳಿಗೆ ಜರ್ಮನಿಯ ಜಲಾಂತರ್ಗಾಮಿ ಪಡೆಯ ಮುಖ್ಯಸ್ಥನಾಗಿದ್ದ ಡೋನಿಟ್ಸ್‌ನನ್ನು ತಪ್ಪಿತಸ್ಥ ಎನ್ನಲಿಲ್ಲ. ಆದರೆ ‘ಕಾರ್ಯಾಚರಣೆ ವಲಯ’ ಎಂದು ಸಾರಿ, ಅಲ್ಲಿಗೆ ಬಂದ ತಟಸ್ಥ ಹಡಗುಗಳನ್ನು ಎಚ್ಚರಿಕೆ ಕೊಡದೆ ಮುಳುಗಿಸಿದ್ದು ಪ್ರೋಟೊಕಾಲ್ ಉಲ್ಲಂಘನೆ ಎಂದಿತು. ಹಾಗೆಂದರೂ ಶಿಕ್ಷೆ ಲೆಕ್ಕಹಾಕುವಾಗ ಅದನ್ನು ಹಿಡಿಯಲಿಲ್ಲ. ಅದಕ್ಕೊಂದು ಕಾರಣ: ಪೆಸಿಫಿಕ್‌ನಲ್ಲಿ ಯುದ್ಧಕ್ಕಿಳಿದ ಮೊದಲ ದಿನದಿಂದಲೇ ಅಮೆರಿಕವೂ ನಿರ್ಬಂಧವಿಲ್ಲದ ಜಲಾಂತರ್ಗಾಮಿ ಯುದ್ಧ ನಡೆಸಿತ್ತೆಂದು ಅಮೆರಿಕದ ಪೆಸಿಫಿಕ್ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ನಿಮಿಟ್ಜ್ ಲಿಖಿತವಾಗಿ ಉತ್ತರ ಕೊಟ್ಟಿದ್ದರು.

— ಓದುಗ, ಕಾರವಾರ